ಅತ್ತೆಯ ನೀಲಿ ಸ್ಟೂಲು

ಅಡುಗೆ ಪುಸ್ತಕ ಬರೆದವರ ಮನೆಯಲ್ಲಿ ಊಟ ಚೆನ್ನಾಗಿರಲೇಬೇಕೆಂಬ ನಿಯಮವೇನಿಲ್ಲ. ಈಜು ಕಲಿಸುವವರೆಲ್ಲ ನೀರಿಗಿಳಿಯುತ್ತಾರೆಂದೂ ಇಲ್ಲ. ಕೆಲವರು ದಡದಲ್ಲಿ ನಿಂತು ಸೀಟಿ ಊದುತ್ತಾರೆ. ನಾನು ಆ ಸೀಟಿಯ ಪಂಗಡದವನು. ಬನಶಂಕರಿ ಕಡೆಯ ಒಂದು ಡಿಸೈನ್ ಕಾಲೇಜಿನಲ್ಲಿ ಹದಿನೆಂಟು ವರ್ಷಗಳಿಂದ ಮರ, ಲೋಹ, ಪ್ಲಾಸ್ಟಿಕ್‌ಗಳ ಗುಣವೇನು, ಯಾವುದನ್ನು ಯಾವುದಕ್ಕೆ ಹೇಗೆ ಜೋಡಿಸಬೇಕು, ಜೋಡಿಸಿದ ಮೇಲೆ ಹೇಗೆ ಉಜ್ಜಿ ನಯ ಮಾಡಬೇಕು ಎಂದು ಪಾಠ ಮಾಡುತ್ತಿದ್ದೇನೆ. ನನ್ನ ಕೈಯಲ್ಲಿ ಕಲಿತವರು ಮಿಕ್ಸಿ, ಸೂಟ್‌ಕೇಸು, ಮಕ್ಕಳ ಸೈಕಲ್ಲು ಎಲ್ಲವನ್ನೂ ರೂಪಿಸಿದ್ದಾರೆ. ನಾನು ಮಾತ್ರ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮೊದಲು ಹೆಂಡತಿಯ ಮುಖ ನೋಡುತ್ತೇನೆ. ಈ ಗುಟ್ಟು ಇಷ್ಟು ವರ್ಷ ಮನೆಯೊಳಗೇ ಇತ್ತು. ಅದನ್ನು ಕಾಲೇಜಿಗೆ ತಲುಪಿಸಿದ್ದು ನಮ್ಮ ಅತ್ತೆಯ ಸ್ಟೂಲು.

ನಮ್ಮ ಮನೆ ಪುಟ್ಟೇನಹಳ್ಳಿ ಕೆರೆಗೆ ಹತ್ತಿರ. ಅತ್ತೆ, ಅಂದರೆ ಹೆಂಡತಿ ವೀಣಾಳ ತಾಯಿ, ಮೂರು ವರ್ಷದಿಂದ ನಮ್ಮೊಡನೆ ಇದ್ದಾರೆ. ಮಂಡಿ ನೋವಿನಿಂದಾಗಿ ನೆಲದ ಮೇಲೆ ಕೂರಲಾರರು. ದೇವರ ಮುಂದೆ ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು, ಅದರ ಮೇಲೆ ಕೂತೇ ಬೆಳಗಿನ ಪೂಜೆ. ಆ ಸ್ಟೂಲಿನ ಎತ್ತರ ಅವರ ಕಾಲಿಗೆ ಅಳತೆ ಕೊಟ್ಟು ಮಾಡಿಸಿದಂತಿತ್ತು. ಅದರ ಒಂದು ಕಾಲು ಬುಡದಲ್ಲಿ ಬಿರುಕು ಬಿಟ್ಟಾಗ ವೀಣಾ ಜಯನಗರದ ಅಂಗಡಿಗಳನ್ನೆಲ್ಲ ಸುತ್ತಿ ಎರಡು ಹೊಸ ಸ್ಟೂಲು ತಂದಳು. ಒಂದರ ಮೇಲೆ ಕೂತರೆ ಕಾಲು ನೆಲಕ್ಕೆ ಎಟುಕುವುದಿಲ್ಲ, ಇನ್ನೊಂದರ ಮೇಲೆ ಕೂತರೆ ಏಳಲು ಇಬ್ಬರು ಬೇಕು. ಅತ್ತೆ ಯಾರ ಮೇಲೂ ಸಿಡುಕಲಿಲ್ಲ. ನಿಂತುಕೊಂಡೇ ಪೂಜೆ ಮಾಡತೊಡಗಿದರು. ಹತ್ತು ನಿಮಿಷವಾಗುತ್ತಲೇ ಒಂದು ಕೈ ಗೋಡೆ ಹುಡುಕುತ್ತಿತ್ತು. ಅದನ್ನು ನೋಡಲಾಗದೆ ನಾನು, "ಅತ್ತೆ, ಇದು ನನ್ನ ಸಬ್ಜೆಕ್ಟು. ಬಿಡಿ, ನಾನು ಅಂಟಿಸಿಕೊಡ್ತೀನಿ" ಅಂದೆ. ಅಡುಗೆಮನೆಯಲ್ಲಿ ವೀಣಾಳ ಕೈಯ ಸೌಟು ನಿಂತದ್ದು ನನಗೆ ಕೇಳಿಸಿತು.

ಮೊದಲ ಪ್ರಯತ್ನ, ಕ್ಷಣಾರ್ಧದಲ್ಲಿ ಅಂಟುತ್ತದೆಂದು ಹೆಸರಾದ ಪುಟ್ಟ ಟ್ಯೂಬಿನ ಗೋಂದಿನಿಂದ. ಹೆಸರಿಗೆ ತಕ್ಕಂತೆ ಅದು ಕ್ಷಣಾರ್ಧದಲ್ಲಿ ನನ್ನ ಹೆಬ್ಬೆರಳನ್ನೂ ತೋರುಬೆರಳನ್ನೂ ಅಂಟಿಸಿತು. ಸ್ಟೂಲಿನ ಬಿರುಕು ಇದ್ದ ಹಾಗೇ ಇತ್ತು. ಆ ಮಧ್ಯಾಹ್ನ ಚಮಚದಲ್ಲಿ ಹುಳಿಯನ್ನ ತಿಂದೆ. ಬಿಸಿನೀರು, ಸೋಪು ಹಾಕಿ ಬೆರಳು ಬಿಡಿಸುತ್ತಾ ವೀಣಾ, "ರೀ, ನೀವು ಮಕ್ಕಳಿಗೂ ಹೀಗೇ ಹೇಳ್ಕೊಡ್ತೀರಾ?" ಎಂದು ಕೇಳಿದಳು. ವ್ಯಂಗ್ಯವಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದಳು. ಅದೇ ಹೆಚ್ಚು ಚುಚ್ಚಿತು.

ನಮ್ಮ ತಾತ ಅಂಟಿಸುವ ಕೆಲಸಕ್ಕೆಲ್ಲ ಅನ್ನದ ಅಗುಳು ಬಳಸುತ್ತಿದ್ದರು. ಊಟಕ್ಕೆ ಕೂತಾಗ ಎಲೆಯ ಮೂಲೆಯಲ್ಲಿ ನಾಲ್ಕು ಅಗುಳು ತೆಗೆದಿಟ್ಟು, ಕೈ ತೊಳೆದು ಬಂದು, ಲಗ್ನಪತ್ರಿಕೆಯ ಲಕೋಟೆ, ಪಂಚಾಂಗದ ಬೆನ್ನು, ಟ್ರಂಕಿನ ಒಳಗಿನ ಕಾಗದ ಎಲ್ಲಕ್ಕೂ ಅದನ್ನೇ ಮೆತ್ತುತ್ತಿದ್ದರು. ಆ ಟ್ರಂಕಿನ ಕಾಗದ ಈಗಲೂ ಬಿಟ್ಟಿಲ್ಲ. ಕಾಗದ ಏನನ್ನು ಹಿಡಿದುಕೊಳ್ಳುತ್ತದೆಂದು ತಾತನಿಗೆ ಗೊತ್ತಿತ್ತು. ಸ್ನಾತಕೋತ್ತರ ಪದವಿ ಪಡೆದ ಮೊಮ್ಮಗ ಮಾತ್ರ ವಸ್ತು ಯಾವುದೆಂದು ನೋಡದೆ ಗೋಂದು ಹುಡುಕಲು ಹೊರಟಿದ್ದ.

ಎರಡನೆಯ ಬಾರಿ ಎರಡು ಟ್ಯೂಬುಗಳ ಗೋಂದು ತಂದೆ. ಎರಡನ್ನೂ ಸಮನಾಗಿ ಕಲಸಿ ಹಚ್ಚಿದರೆ ಕಲ್ಲಿನಂತೆ ಗಟ್ಟಿಯಾಗುವ ಜಾತಿ ಅದು. ದಪ್ಪಗೆ ಮೆತ್ತಿ, ಒಂದು ದಿನ ಬಿಟ್ಟು, ಮೂರು ಬಗೆಯ ಉಪ್ಪುಕಾಗದದಲ್ಲಿ ಉಜ್ಜಿ, ಹುಡುಕಿ ತಂದ ನೀಲಿ ಬಣ್ಣ ಹೊಡೆದೆ. ಸತ್ಯವಾಗಿ ಹೇಳುತ್ತೇನೆ, ಬಿರುಕು ಎಲ್ಲಿತ್ತೆಂದು ನನಗೇ ಗೊತ್ತಾಗಲಿಲ್ಲ. ಹೆಮ್ಮೆಯಿಂದ ಫೋಟೋ ತೆಗೆದು ಮಾರನೆಯ ದಿನ ಕ್ಲಾಸಿನಲ್ಲಿ ಪರದೆಯ ಮೇಲೆ ತೋರಿಸಿದೆ. "ಇದು ನಮ್ಮ ಮನೆಯ ಸ್ಟೂಲು, ನಾನೇ ರಿಪೇರಿ ಮಾಡಿದ್ದು. ಫಿನಿಶಿಂಗ್ ಅಂದರೆ ಹೀಗಿರಬೇಕು" ಅಂದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಹದಿನೆಂಟು ವರ್ಷದಲ್ಲಿ ನನ್ನ ಕ್ಲಾಸಿನಲ್ಲಿ ಚಪ್ಪಾಳೆ ಬಿದ್ದದ್ದು ಅದೇ ಮೊದಲು, ಸೊಳ್ಳೆ ಹೊಡೆದದ್ದನ್ನು ಬಿಟ್ಟರೆ.

ಅತ್ತೆ ಕೂರುವ ಮೊದಲು ನಾನೇ ಕೂತು ನೋಡಬೇಕೆಂಬ ಬುದ್ಧಿ ದೇವರು ಕೊಟ್ಟದ್ದು ದೊಡ್ಡದು. ಶುಕ್ರವಾರ ಬೆಳಿಗ್ಗೆ ದೇವರ ಮುಂದೆ ಸ್ಟೂಲಿಟ್ಟು ಕೂತೆ. "ನೋಡಿ ಅತ್ತೆ, ನನ್ನ ಭಾರಾನೇ ತಡೀತು. ನಿಮ್ಮದೇನು ಮಹಾ!" ಎಂದು ಶುರು ಮಾಡಿ, ಭಾರ ನಾಲ್ಕು ಕಾಲುಗಳಿಗೆ ಹೇಗೆ ಹಂಚಿಹೋಗುತ್ತದೆಂದು ವಿವರಿಸುತ್ತಿದ್ದೆ. ಮೂರು ಕಾಲುಗಳು ಕೊನೆಯವರೆಗೂ ಪಾಠ ಕೇಳಿದವು. ನಾಲ್ಕನೆಯದು ಮಧ್ಯದಲ್ಲೇ ಎದ್ದು ಹೋಯಿತು. ನಾನು ಹೂವಿನ ಬುಟ್ಟಿಯ ಮೇಲೆ ಬಿದ್ದೆ. ಅತ್ತೆ ಗೋಡೆ ಹಿಡಿದು ಹತ್ತಿರ ಬಂದು ಮೊದಲು ಸ್ಟೂಲಿನ ಕಾಲು ನೋಡಿದರು, ಆಮೇಲೆ ನನ್ನದು. "ಪೆಟ್ಟಾಯ್ತಾ ಅಳಿಯಂದಿರೇ?" ಎಂದು ಕೇಳಿ, ಬೆನ್ನಿಗೆ ಹತ್ತಿದ ಸೇವಂತಿಗೆಯನ್ನು ಒಂದೊಂದಾಗಿ ತೆಗೆದರು. ಅಲ್ಲಿ ಅವರೇ ಬಿದ್ದಿದ್ದರೆ ಎಂದು ನೆನೆದು ಮುರಿದ ಕಾಲನ್ನು ದೂರ ಸರಿಸಿದೆ.

ಮಗುಚಿಬಿದ್ದಿದ್ದ ಸ್ಟೂಲನ್ನು ಅತ್ತೆ ಎತ್ತಿ ಅಡಿಭಾಗ ನೋಡಿದರು. "ಇಲ್ಲೊಂದು ತ್ರಿಕೋನ ಇದೆ. ಒಳಗೆ ಐದು ಅಂತ ಬರೆದಿದೆ. ಐದು ಸಲ ರಿಪೇರಿ ಮಾಡ್ಬೇಕು ಅಂತಾನೋ?"

ನನಗೆ ಬಿದ್ದ ಪೆಟ್ಟಿಗಿಂತ ದೊಡ್ಡ ಪೆಟ್ಟು ಅದು. ತ್ರಿಕೋನದೊಳಗಿನ ಐದು ಎಂದರೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಎಣ್ಣೆ ಸವರಿದ ದೋಸೆ ಕಾವಲಿಯಂತೆ ಅದರ ಮೈ ಗೋಂದನ್ನು ಹಿಡಿದುಕೊಳ್ಳುವುದೇ ಇಲ್ಲ. ಇದನ್ನು ನಾನು ವರ್ಷವರ್ಷವೂ ಪಾಠ ಮಾಡುತ್ತೇನೆ. "ಏನನ್ನೇ ಅಂಟಿಸುವ ಮೊದಲು ಮಗುಚಿ ನಂಬರ್ ನೋಡಿ" ಎಂದು ಮಕ್ಕಳಿಗೆ ಹೇಳಿ, ಪರೀಕ್ಷೆಯಲ್ಲೂ ಕೇಳಿ, ಬರೆಯದವರ ಅಂಕ ಕತ್ತರಿಸುತ್ತೇನೆ. ಮನೆಯ ಸ್ಟೂಲನ್ನು ಮಗುಚಿ ನೋಡಬೇಕೆಂದು ಮಾತ್ರ ಹೊಳೆಯಲಿಲ್ಲ.

"ಉತ್ತರಹಳ್ಳಿ ಬಸ್ ಸ್ಟಾಪ್ ಹತ್ರ ಒಬ್ಬರು ಬಕೆಟ್ ರಿಪೇರಿ ಮಾಡ್ತಾರೆ. ಮೊದಲ ದಿನಾನೇ ಹೇಳೋಣ ಅಂತಿದ್ದೆ" ಅಂದಳು ವೀಣಾ. "ನೀವು ಸಬ್ಜೆಕ್ಟು ಅಂದ್ರಿ. ಸುಮ್ಮನಾದೆ."

ಸ್ಟೂಲನ್ನೂ ಮುರಿದ ಕಾಲನ್ನೂ ಸ್ಕೂಟರಿನಲ್ಲಿಟ್ಟುಕೊಂಡು ಹೋದೆ. ಆಕೆಯ ಹೆಸರು ರತ್ನಮ್ಮ. ಐವತ್ತರ ಆಸುಪಾಸು. ಮುಂದೆ ಒಂದು ಪುಟ್ಟ ಇದ್ದಿಲೊಲೆ, ಅದರಲ್ಲಿ ಕಾಯುತ್ತಿರುವ ಎರಡು ಕಬ್ಬಿಣದ ಸಲಾಕೆ, ಪಕ್ಕದಲ್ಲಿ ಒಡೆದ ಮಗ್ಗು, ಬಕೆಟ್ಟುಗಳ ಚೂರು ತುಂಬಿದ ಚೀಲ. ಸ್ಟೂಲು ಕೈಗೆ ತೆಗೆದುಕೊಂಡು ನನ್ನ ನೀಲಿ ಫಿನಿಶಿಂಗಿನ ಅಂಚಿಗೆ ಉಗುರು ಹಾಕಿದರು. ಇಡೀ ಗೋಂದು ಹಪ್ಪಳದ ಹಾಗೆ ಎದ್ದು ಬಂತು.

"ಯಾರಣ್ಣ ಇದಕ್ಕೆ ಗೋಂದು ಹಾಕಿದ್ದು?"

"ನಮ್ಮ ಪಕ್ಕದ ಮನೆಯವರು" ಅಂದೆ. ಸುಳ್ಳು ಹೇಳುವಾಗ ಮನುಷ್ಯನಿಗೆ ಮೊದಲು ನೆನಪಾಗುವುದು ನೆರೆಹೊರೆಯೇ.

"ಪಾಪ, ಮೇಲೆಲ್ಲಾ ಚೆನ್ನಾಗಿ ಉಜ್ಜವ್ರೆ. ಒಳಗೆ ಏನೂ ಹಿಡ್ದಿಲ್ಲ."

ಒಂದು ಚೂರು ಹೆರೆದು ಕೆಂಡಕ್ಕೆ ಮುಟ್ಟಿಸಿ ಮೂಸಿದರು, ನನ್ನ ಮೂಗಿಗೂ ಹಿಡಿದರು. "ಮೇಣದ ಬತ್ತಿ ವಾಸ್ನೆ ಬಂತಾ? ಇದು ಬೆಸುಗೆಗೆ ಬರ್ತದೆ. ಇದರ ಜಾತಿದೇ ಚೂರು ಹಾಕ್ಬೇಕು. ಮನುಷ್ರಲ್ಲಿ ಜಾತಿ ನೋಡ್ಬಾರ್ದು ಸಾರ್, ಪ್ಲಾಸ್ಟಿಕ್‌ನಲ್ಲಿ ನೋಡ್ದಿದ್ರೆ ಕೆಟ್ಟೋಯ್ತದೆ." ಚೀಲ ತಡಕಿ ಒಂದು ಕೆಂಪು ಮಗ್ಗಿನ ಚೂರು ತೆಗೆದರು, ಅದನ್ನೂ ಸುಟ್ಟು ಮೂಸಿ ತಲೆಯಾಡಿಸಿದರು. ಸ್ಟೂಲಿನ ಕಡೆ ಬಿರುಕು ಇನ್ನೂ ಮುಂದಕ್ಕೆ ಹರಿದಿತ್ತು. ಅದರ ತುದಿಗೆ ಕಾದ ದಬ್ಬಳದಿಂದ ಒಂದು ಸಣ್ಣ ತೂತು ಮಾಡಿದರು. "ಬಾಯಿ ಮುಚ್ಚೋಕೆ ಮುಂಚೆ ಬಾಲ ಕಟ್ಟಬೇಕು. ಇಲ್ದಿದ್ರೆ ಬಿರುಕು ಓಡ್ತಾನೇ ಇರ್ತದೆ." ಆಮೇಲೆ ಸಲಾಕೆಯಿಂದ ಎರಡು ಅಂಚನ್ನೂ ಕರಗಿಸಿ, ಕಾಲು ಕೂಡಿಸಿ, ಕೆಂಪು ಚೂರನ್ನು ಮೇಲಿಟ್ಟು ರೊಟ್ಟಿ ತಟ್ಟಿದ ಹಾಗೆ ಒತ್ತಿದರು. ಬಿರುಕಿನ ತುದಿಗೆ ತೂತು, ಹೊಗೆಯ ವಾಸನೆ, ಒಂದೇ ಬಗೆಯ ಪ್ಲಾಸ್ಟಿಕ್ಕಿನ ಬೆಸುಗೆ, ಎಲ್ಲವೂ ನನ್ನ ಪಾಠದಲ್ಲಿದ್ದದ್ದೇ. ಆ ವಾಸನೆಯನ್ನು ಮಾತ್ರ ನಾನು ಜೀವಮಾನದಲ್ಲಿ ಮೊದಲ ಬಾರಿ ಮೂಸಿದ್ದೆ.

ಮಾರನೆಯ ಬೆಳಿಗ್ಗೆ ಅತ್ತೆ ಕೆಂಪು ತೇಪೆಯ ಸ್ಟೂಲಿನ ಮೇಲೆ ಕೂತು, ಎರಡೂ ಪಾದ ನೆಲಕ್ಕೂರಿ, ಎಂದಿಗಿಂತ ಅರ್ಧ ಗಂಟೆ ಹೆಚ್ಚೇ ಪೂಜೆ ಮಾಡಿದರು. ಅದನ್ನು ನೋಡುತ್ತಾ ನನಗೊಂದು ಯೋಚನೆ ಬಂತು. ಪ್ರಿನ್ಸಿಪಾಲರನ್ನು ಒಪ್ಪಿಸಿ, ಉತ್ತರಹಳ್ಳಿಗೆ ಹೋಗಿ ರತ್ನಮ್ಮನವರನ್ನು ಕಾಲೇಜಿಗೆ ಕರೆದೆ.

"ನಾನೇನ್ ಪಾಠ ಮಾಡ್ಲಿ ಸಾರ್? ನಂಗೆ ಓದು ಬರಾಕಿಲ್ಲ."

"ಮಾತಾಡೋದು ನನಗೂ ಬರುತ್ತಮ್ಮ. ಮಾಡೋದು ಬೇಕು. ನೀವು ಮಾಡಿ, ಅವರು ನೋಡ್ಲಿ."

ಬಂದರು. ಒಲೆ, ಚೀಲ ಕಂಡು ಗೇಟಿನವನು ಕ್ಯಾಂಟೀನಿನ ದಾರಿ ತೋರಿಸಿದನಂತೆ. "ಮೇಷ್ಟ್ರು ಕೆಲಸಕ್ಕೆ ಬಂದಿವ್ನಿ" ಎಂದು ಗದರಿ ಒಳಗೆ ಬಂದರು. ವರ್ಕ್‌ಶಾಪಿನಲ್ಲಿ ಮಕ್ಕಳು ಸುತ್ತಲೂ ಮುಗಿಬಿದ್ದರು. ಫೋನು ಮುಟ್ಟಿದವರಿಲ್ಲ. ರತ್ನಮ್ಮ ಒಂದೊಂದೇ ಪ್ಲಾಸ್ಟಿಕ್ ಸುಟ್ಟು ಮೂಸಿಸಿದರು, ಅವರ ಕೈಯಲ್ಲೇ ಬೆಸುಗೆ ಹಾಕಿಸಿದರು. ನಾನು ಹಿಂದೆ ನಿಂತು ಬೀಗುತ್ತಿದ್ದೆ. ಆಗ ರತ್ನಮ್ಮ ಉತ್ಸಾಹದಲ್ಲಿ, "ನೋಡ್ರಪ್ಪ, ಇದಕ್ಕೆ ಗೋಂದು ಹಾಕ್ಬಾರ್ದು. ಈ ಸಾರ್ ಪಕ್ಕದ ಮನೆಯೋನು ಯಾವನೋ ಒಂದು ನೀಲಿ ಸ್ಟೂಲಿಗೆ ಗೋಂದು ಮೆತ್ತಿ, ಉಜ್ಜಿ, ಬಣ್ಣಾನೂ ಹೊಡ್ದಿದ್ದ. ಉಗುರು ಹಾಕಿದ್ರೆ ಬಂದೋಯ್ತು!" ಅಂದರು.

ಮೂವತ್ತು ತಲೆಗಳು ನಿಧಾನವಾಗಿ ನನ್ನ ಕಡೆ ತಿರುಗಿದವು. ಮುಂದಿದ್ದ ಶ್ರಾವಣಿ ಎಂಬ ಹುಡುಗಿ ಬಹಳ ವಿನಯದಿಂದ, "ಸಾರ್, ಅವತ್ತು ಫೋಟೋದಲ್ಲಿ ತೋರಿಸಿದ್ರಲ್ಲ, ಆ ಸ್ಟೂಲು ಪಕ್ಕದ ಮನೆಯವರದಾ?" ಎಂದಳು. ನಗು ಎಲ್ಲಿಂದ ಶುರುವಾಯಿತೋ ಗೊತ್ತಿಲ್ಲ. ಕೊನೆಗೆ ನಿಂತದ್ದು ನನ್ನದೇ. ವಿಷಯ ತಿಳಿದ ರತ್ನಮ್ಮ ಮಾತ್ರ ನಾಲಿಗೆ ಕಚ್ಚಿಕೊಂಡು, "ಅಯ್ಯೋ, ಉಜ್ಜಿದ್ದು ಸಕತ್ತಾಗಿತ್ತು ಸಾರ್" ಎಂದು ಸಮಾಧಾನ ಮಾಡಿದರು.

ಸೆಮಿಸ್ಟರಿನ ಕೊನೆಗೆ ಮಕ್ಕಳು ಹೆಸರು ಹಾಕದೆ ಅಭಿಪ್ರಾಯ ಬರೆದುಕೊಡುತ್ತಾರೆ. ಪ್ರಿನ್ಸಿಪಾಲರು ನನ್ನನ್ನು ಕರೆದು, ಕನ್ನಡಕದ ಮೇಲಿಂದ ನೋಡುತ್ತಾ, ಒಂದು ಹಾಳೆ ಮುಂದಿಟ್ಟರು. 'ಸುಧಾರಣೆಗೆ ಸಲಹೆ' ಎಂಬಲ್ಲಿ ಹೀಗೆ ಬರೆದಿತ್ತು: "ಮುಂದಿನ ವರ್ಷದಿಂದ ಪೂರ್ತಿ ಪಾಠ ರತ್ನಮ್ಮ ಮೇಡಂ ಮಾಡಲಿ. ಸಾರ್ ಅಟೆಂಡೆನ್ಸ್ ತಗೊಳ್ಳಲಿ. ಅದು ಅವರಿಗೆ ಚೆನ್ನಾಗಿ ಬರುತ್ತೆ."

ಬೇಸರವಾಗಲಿಲ್ಲವೆಂದರೆ ಸುಳ್ಳಾದೀತು. ಆದರೆ ನನಗೂ ಏನೋ ಒಂದು ಚೆನ್ನಾಗಿ ಬರುತ್ತದೆಂದು ಹದಿನೆಂಟು ವರ್ಷದಲ್ಲಿ ಬರವಣಿಗೆಯಲ್ಲಿ ಸಿಕ್ಕ ಮೊದಲ ಪ್ರಮಾಣಪತ್ರ ಅದು. ಪ್ರಿನ್ಸಿಪಾಲರ ಅನುಮತಿ ಪಡೆದು ಒಂದು ಜೆರಾಕ್ಸ್ ಮಾಡಿಸಿಟ್ಟುಕೊಂಡಿದ್ದೇನೆ.