ಗೋಂದಣ್ಣ ಓದಿದ ಮೂರು ಕಾದಂಬರಿಗಳು

“ಆ ಕಡತದ ಕೋಣೇಲಿ ಈಗಲೂ ಹಾಳೆ ತಿರುವೋ ಸದ್ದು ಕೇಳುತ್ತಂತೆ ಕಣೋ,” ಎಂದಳು ಟೈಪಿಸ್ಟ್ ಅಕ್ಕ, ಕೊಡೆ ಮಡಚಿಡುತ್ತ. “ಬೀಗ ಹಾಕಿ ಎರಡು ವರ್ಷ ಆಯ್ತು. ಒಳಗೆ ಯಾರು ತಿರುವಬೇಕು, ನೀನೇ ಹೇಳು.”

“ಇಲಿ ಇರ್ಬೇಕು ಅಕ್ಕ.”

“ಇಲಿ ಹಾಳೆ ಹರಿಯುತ್ತೆ. ತಿರುವಲ್ಲ.”

ಗೋಂದಣ್ಣ ಗೋಂದಿನ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಅವನು ರವಾನೆ ಗುಮಾಸ್ತ. ದಿನವಿಡೀ ಲಕೋಟೆ ಅಂಟಿಸಿ ಬೆರಳುಗಳು ಸದಾ ಅಂಟಂಟು, ಅದಕ್ಕೇ ಆ ಹೆಸರು. ಕಚೇರಿಯ ಸಾಹೇಬರಿಗೆ ಕಾದಂಬರಿ ಹುಚ್ಚು. ಪ್ರತಿ ಶುಕ್ರವಾರ ಮೂರು ಗಂಟೆಗೆ ಒಬ್ಬರು ಎದ್ದು ನಿಂತು, ಇತ್ತೀಚೆಗೆ ಓದಿದ ಮೂರು ಕಾದಂಬರಿಗಳ ಬಗ್ಗೆ ತಮಗನ್ನಿಸಿದ್ದನ್ನು ಹೇಳಬೇಕು. ಓದದೆ ಬಂದವರನ್ನು ನೆಲಮಾಳಿಗೆಯ ಕಡತದ ಕೋಣೆಗೆ ಹಾಕುವುದಾಗಿ ಸುತ್ತೋಲೆಯೇ ಹೊರಟಿತ್ತು. ಅಲ್ಲಿದ್ದ ಕಡತದ ತಾತ ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡ ಮೇಲೆ ಆ ಜಾಗ ಖಾಲಿ ಬಿದ್ದಿತ್ತು. ಇಂದು ಗೋಂದಣ್ಣನ ಸರದಿ. ಅವನು ಇತ್ತೀಚೆಗೆ ಓದಿದ್ದು ಲಕೋಟೆಯ ಮೇಲಿನ ವಿಳಾಸಗಳನ್ನು ಮಾತ್ರ.

ಹನ್ನೊಂದಕ್ಕೆ ತಲೆನೋವೆಂದು ಹೇಳಿ ಬೀದಿ ಕೊನೆಯ ಗ್ರಂಥಾಲಯಕ್ಕೆ ಓಡಿದ.

“ತೆಳ್ಳಗಿರೋವು ಮೂರು ಕೊಡಿ ಮೇಡಂ.”

“ಓದೋಕೋ, ಮೇಜಿನ ಕಾಲಿಗೆ ಒತ್ತಿಡೋಕೋ?” ಎನ್ನುತ್ತ ಗ್ರಂಥಪಾಲಕಿ ಮೂರು ಪುಸ್ತಕ ತಂದಿಟ್ಟಳು. “ಇವು ವಾಪಸ್ ಬಂದು ಎರಡು ವರ್ಷ. ಆಮೇಲೆ ಯಾರೂ ಮುಟ್ಟಿಲ್ಲ.”

ತೆರೆದು ನೋಡಿದರೆ ಗೋಂದಣ್ಣನ ಪಾಲಿಗೆ ನಿಧಿ. ಪುಟಪುಟದ ಅಂಚಿನಲ್ಲೂ ಯಾರೋ ಪೆನ್ಸಿಲಿನಲ್ಲಿ ಅಭಿಪ್ರಾಯ ಬರೆದಿದ್ದರು. ಕತೆ ಯಾಕೆ, ಅಂಚು ಓದಿದರೆ ಸಾಕು. ಮೊದಲನೆಯದರಲ್ಲಿ: ‘ಇವನು ಅಳುತ್ತಿರುವುದು ಹೆಂಡತಿ ಸತ್ತದ್ದಕ್ಕಲ್ಲ, ಅವಳು ಉಪ್ಪು ಎಲ್ಲಿಡುತ್ತಿದ್ದಳೆಂದು ಕೊನೆಗೂ ತಿಳಿಯದ್ದಕ್ಕೆ.’ ಎರಡನೆಯದರಲ್ಲಿ: ‘ಮನೆ ಬಿಟ್ಟು ಹೋಗುತ್ತೇನೆಂದು ಇನ್ನೂರು ಪುಟ ಹೆದರಿಸುತ್ತಾನೆ. ಒಮ್ಮೆ ಚಪ್ಪಲಿಯನ್ನಾದರೂ ಮೆಟ್ಟಬಾರದೇ?’

ಮೂರನೆಯದನ್ನು ಬಿಡಿಸುವಾಗ ಆಕಳಿಕೆ ಬಂತು. ಅಂಚಿನಲ್ಲಿತ್ತು: ‘ಇಲ್ಲಿ ಆಕಳಿಸಬೇಡ.’

ತೆರೆದ ಬಾಯಿ ಹಾಗೇ ನಿಂತಿತು. ಬೇಗಬೇಗ ನಾಲ್ಕು ಪುಟ ಹಾರಿಸಿದ. ‘ಹಾರಿಸಿದೆಯಲ್ಲ,’ ಎಂದಿತ್ತು. ಸುತ್ತ ನೋಡಿದ. ಫ್ಯಾನು ತಿರುಗುತ್ತಿತ್ತು, ಗ್ರಂಥಪಾಲಕಿ ತೂಕಡಿಸುತ್ತಿದ್ದಳು. ಕೊನೆಯ ಪುಟದಲ್ಲಿ ಒಂದೇ ಸಾಲು: ‘ಮುಗಿಸಿದ ಮೇಲೆ ಬಾ. ಕಾಯುತ್ತಿರುತ್ತೇನೆ.’

ಅದೊಂದನ್ನು ಎಲ್ಲರೆದುರು ಓದಬಾರದೆಂದು ನಿಶ್ಚಯಿಸಿ ಆ ಪುಟವನ್ನು ಮಡಚಿಟ್ಟ.

ಮೂರಕ್ಕೆ ಸರಿಯಾಗಿ ಕಚೇರಿಯಲ್ಲಿ ಎದ್ದು ನಿಂತ. ಪುಸ್ತಕ ಎದುರಿಗೆ ಹಿಡಿದು ಅಂಚುಗಳನ್ನೇ ತನ್ನ ಮಾತೆಂಬಂತೆ ಒಪ್ಪಿಸಿದ. ಉಪ್ಪಿನ ಮಾತಿಗೆ ಟೈಪಿಸ್ಟ್ ಅಕ್ಕ ಮೂಗು ಒರೆಸಿಕೊಂಡಳು. ಚಪ್ಪಲಿಯ ಮಾತಿಗೆ ಸಾಹೇಬರೇ ನಕ್ಕರು. ಗೋಂದಣ್ಣ ಬೀಗುತ್ತ ಮೂರನೆಯದನ್ನು ಮುಚ್ಚಲು ಹೋದ. ಹಾಳಾದ ಗೋಂದು. ಮಡಚಿದ್ದ ಕೊನೆಯ ಪುಟ ಹೆಬ್ಬೆರಳಿಗೆ ಅಂಟಿ ಬಿಚ್ಚಿಕೊಂಡಿತು. ಓದುವ ಭರಾಟೆಯಲ್ಲಿದ್ದ ನಾಲಗೆ ನಿಲ್ಲಲಿಲ್ಲ.

“ಮುಗಿಸಿದ ಮೇಲೆ ಬಾ. ಕಾಯುತ್ತಿರುತ್ತೇನೆ.”

ಸಾಹೇಬರು ಕನ್ನಡಕ ತೆಗೆದು, ತುಂಬಾ ಹೊತ್ತು ಒರೆಸಿದರು.

“ಕಡತದ ತಾತ ನಂಗೆ ಯಾವ ಪುಸ್ತಕ ಕೊಟ್ರೂ ಇದೇ ಮಾತು ಹೇಳೋರು. ನಾನು ಓದಿ ಕೆಳಗೆ ಹೋಗ್ತಿದ್ದೆ, ಇಬ್ರೂ ಕೂತು ಮಾತಾಡ್ತಿದ್ವಿ. ಇಷ್ಟು ಚೆನ್ನಾಗಿ ಓದೋನು ನೀನು, ಲಕೋಟೆ ಅಂಟಿಸ್ಕೊಂಡು ಕೂತಿದ್ದೀಯಲ್ಲಯ್ಯ.” ಡ್ರಾಯರಿನಿಂದ ತುಕ್ಕು ಹಿಡಿದ ಬೀಗದ ಕೈ ತೆಗೆದರು. “ಅವರ ಜಾಗ ಇವತ್ತಿಂದ ನಿಂದು. ಆರಾಮಾಗಿ ಓದ್ಕೊಂಡಿರು.”

ಓದಿಲ್ಲವೆಂದು ಒಪ್ಪಿಕೊಳ್ಳೋಣವೆಂದರೆ ಅದಕ್ಕೂ ಅದೇ ಕೋಣೆ. ಗೋಂದಣ್ಣ ಕೈ ಚಾಚಿದ. ಬೀಗದ ಕೈ ಅಂಗೈಗೆ ಅಂಟಿಕೊಂಡಿತು.

ಟೈಪಿಸ್ಟ್ ಅಕ್ಕ ನೆಲಮಾಳಿಗೆಯ ಮೆಟ್ಟಿಲ ತನಕ ಬಂದಳು. ಕೆಳಗಿಳಿಯಲಿಲ್ಲ.

“ಹೆದರ್ಬೇಡ ಕಣೋ. ಏನಾದ್ರೂ ಇದ್ರೆ ಕೂಗಿದ್ರಾಯ್ತು.”

“ಯಾರು ಕೂಗ್ಬೇಕು ಅಕ್ಕ, ನಾನೋ ಅವರೋ?”

ಅವಳು ಸರಸರನೆ ವಾಪಸ್ ಹೋದಳು, ಅವನು ಕೆಳಗಿಳಿದ. ಬೀಗ ಕಿರುಗುಟ್ಟಿ ತೆರೆಯಿತು. ದೀಪ ಹಾಕಿದ. ಕುರ್ಚಿ, ಕಪಾಟು, ಮೇಜು, ಎಲ್ಲದರ ಮೇಲೂ ಎರಡು ವರ್ಷದ ಧೂಳು ದಪ್ಪಗೆ ಕೂತಿತ್ತು. ಮೇಜಿನ ಮೇಲಿನ ಆ ಧೂಳಿನ ಮೇಲೆ, ಆಗತಾನೇ ಹೆರೆದ ಪೆನ್ಸಿಲಿನ ಸಿಪ್ಪೆ ಬಿದ್ದಿತ್ತು.