ನಿಮಗಷ್ಟ ಹೇಳ್ತೇನಿ

ದಾಂಡೇಲಿಯ ನನ್ನ ಸೋದರಮಾವನ ಮೆಸೇಜು ಓದುತ್ತ ಹಾಲು ಉಕ್ಕಿಸಿಕೊಳ್ಳದ ಮನೆ ನಮ್ಮ ಬಳಗದಲ್ಲಿ ಒಂದಾದರೂ ಇದ್ದರೆ ಹೇಳಿ! ಪೇಪರ್ ಮಿಲ್ಲಿನಿಂದ ನಿವೃತ್ತನಾದವನು ಸುಮ್ಮನೆ ಕೂರಬಾರದೇ? ಯಾವುದೋ ವಿಡಿಯೋ ನೋಡಿ ಮೆಸೇಜು ಬರೆಯುವ ಗುಟ್ಟು ಕಲಿತ. ಮೊದಲ ಸಾಲಿನಲ್ಲೇ ಕುತೂಹಲ ಕೆರಳಿಸಬೇಕಂತೆ, ಓದುವವನಿಗೆ ಇದು ತನಗೊಬ್ಬನಿಗೇ ಹೇಳಿದ್ದು ಅನ್ನಿಸಬೇಕಂತೆ.

"ಮುಂಜಾನೆ ನಮ್ಮ ಹಿತ್ತಲದಾಗ ಯಾರು ನಿಂತಿದ್ರು ಗೊತ್ತೇನು? ನಿಮಗಷ್ಟ ಹೇಳ್ತೇನಿ!" ಎಂದು ಒಮ್ಮೆ ಬರೆದ. ದಾಂಡೇಲಿಯ ಹಿತ್ತಲೆಂದರೆ ಚಿರತೆಯೇ ಇರಬೇಕಲ್ಲವೇ? ಗಾಬರಿಯಿಂದ ಫೋನ್ ಮಾಡಿದರೆ, ಬಂದಿದ್ದವನು ಕರೆಂಟ್ ಮೀಟರ್ ನೋಡುವವನು!

ಇನ್ನೊಮ್ಮೆ, "ಮೌಳಂಗಿ ಹೊಳಿ ದಂಡಿಮ್ಯಾಲೆ ನಮ್ಮ ಪೈಕಿ ಹಿರೇರೊಬ್ರು ಕಂಡ್ರು. ಜೋಡಿ ಯಾರಿದ್ರು? ಯಾರಿಗೂ ಹೇಳಬ್ಯಾಡ್ರಿ!" ಮುಂಡಗೋಡದ ಮದುವೆಯಲ್ಲಿ ಒಬ್ಬರ ಕಿವಿಯಲ್ಲಿ ಒಬ್ಬರು ಇದನ್ನೇ ಪಿಸುಗುಟ್ಟಿದಾಗ ಗೊತ್ತಾಯಿತು, ಮಾವ ಇಡೀ ಬಳಗಕ್ಕೇ ಕಳಿಸಿದ್ದ. ಹಿರಿಯರ ಜೊತೆಗಿದ್ದದ್ದು ಅವರ ಸ್ವಂತ ಹೆಂಡತಿ!

"ಇದೆಂಥಾ ಸುದ್ದಿ ಮಾಮಾ?"

"ಗಂಡ ಹೆಂಡ್ತಿ ಜಗಳಾಡಲಾರದ ಕೂತಿದ್ರೋ. ಸುದ್ದಿ ಅಲ್ಲೇನು?"

ಈ ಗಾಳಕ್ಕೆ ಬೀಳದವಳು ಒಬ್ಬಳೇ, ನಮ್ಮವ್ವ. ಮಾವನ ಒಡಹುಟ್ಟಿದ ಅಕ್ಕ. ನಮ್ಮ ಹಳಿಯಾಳದಿಂದ ದಾಂಡೇಲಿ ಎಷ್ಟು ದೂರ? ಆದರೂ ಅಜ್ಜಿ ತೀರಿಕೊಂಡ ಮೇಲೆ ಅವಳು ತವರಿಗೆ ಹೋಗಿಯೇ ಇರಲಿಲ್ಲ. ಅವಳ ಜೀವ ಎಷ್ಟು ಹಂಬಲಿಸುತ್ತಿತ್ತೆಂದು, ದಾಂಡೇಲಿ ಬಸ್ಸು ಹೋದಾಗಲೆಲ್ಲ ಕಿಟಕಿಗೆ ಬರುತ್ತಿದ್ದ ಅವಳ ಮುಖವೇ ಹೇಳುತ್ತಿತ್ತು.

ಈ ಸಲ ನಾಗರಪಂಚಮಿ ಹತ್ತಿರ ಬಂದಾಗ ಮಾವ ಬರೆದ: "ಅವ್ವನ ಟ್ರಂಕ್ ತಗದೇನಿ. ಒಳಗೇನೈತಿ? ಅಕ್ಕ ಬಂದ್ರ ಅಕಿಗಷ್ಟ ತೋರಸ್ತೇನಿ!" ಅಜ್ಜಿಯ ಟ್ರಂಕಿನಲ್ಲಿ ಏನಿದೆಯೆಂದು ಬಳಗವೆಲ್ಲ ಹುಚ್ಚೆದ್ದು ಕೇಳಿತು. ನಮ್ಮವ್ವ ಓದಿದಳು, ಸೆರಗಿನಿಂದ ಕಣ್ಣೊರೆಸಿಕೊಂಡು ಮೊಬೈಲನ್ನು ಬೋರಲು ಹಾಕಿದಳು.

"ಹೋಗಬಾರದೇನವ್ವಾ?" ಎಂದೆ.

"ಪಂಚಮಿಗೆ ತವರಿನವರು ಬಾಗಲಿಗೆ ಬಂದು ಕರೀಬೇಕು. ನಿಮ್ಮಜ್ಜಿ ಇದ್ದಾಗ ಪ್ರತಿ ವರ್ಷ ನಿಮ್ಮ ಮಾಮಾನ್ನ ಕಳಸ್ತಿದ್ಲು. ಈಗ ಕಳಸಾವ್ರು ಯಾರದಾರ?"

ಇದನ್ನು ಮಾವನಿಗೆ ಫೋನಿನಲ್ಲಿ ಹೇಳಿದೆ.

ಮರುದಿನ ಬೆಳಿಗ್ಗೆ ಮಾವ ತೊಯ್ದ ಕೊಡೆ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದ. ನನಗೆಲ್ಲಿ ತಡೆಯಲಾಗುತ್ತದೆ?

"ಮಾಮಾ, ಟ್ರಂಕಿನ್ಯಾಗ ಏನೈತಿ?"

"ಏನೂ ಇಲ್ಲೋ, ಖಾಲಿ ಐತಿ," ಎಂದವನು ಅವ್ವನ ಕಡೆ ತಿರುಗಿದ. "ಅಕ್ಕಾ, ಕರಿಯಾಕ ಬಂದೇನಿ. ನಡಿ."

ಅವ್ವ ಒಳಗೆ ಹೋದಳು. ಹೋದಷ್ಟೇ ಬೇಗ ಹೊರಬಂದಳು. ಕೈಯಲ್ಲಿ ಚೀಲವಿತ್ತು. ಸೀರೆ ಮಡಚಿ, ಪಂಚಮಿ ಉಂಡಿ ಕಟ್ಟಿ, ಆಗಲೇ ತುಂಬಿಟ್ಟಿದ್ದ ಚೀಲ.