ಕೈ ಸೋಕದ ರೊಟ್ಟಿ

“ಏ ಖಾಸೀಂಬಿ, ಕೇಳಿದ್ಯಾ? ನಮ್ಮ ವಿಶ್ವಾಗ ನೌಕರಿ ಸಿಕ್ಕದ!”

ಬೆಳಿಗ್ಗೆ ಏಳಕ್ಕೆ ಶಾರದಾಬಾಯಿ ಗೋಡೆಯ ಮೇಲಿಂದ ಕೂಗಿದ್ದು ಪಕ್ಕದ ಮನೆಯ ಖಾಸೀಂಬಿಗೆ ಮಾತ್ರ. ಆದರೆ ಅವರ ದನಿಗೆ ಟವರ್ ಬೇಕಿರಲಿಲ್ಲ. ಜೇವರ್ಗಿಯ ಆ ಓಣಿಯ ಹದಿನೆಂಟೂ ಮನೆಗೆ ಫುಲ್ ಸಿಗ್ನಲ್‌ನಲ್ಲಿ ತಲುಪಿತು.

“ಯಾ ಅಲ್ಲಾ! ಖರೇನ ಶಾರದಕ್ಕಾ? ಬಿ.ಎ. ಓದಿದವಗ ಯಾರ್ ಕೊಟ್ರ?”

“ಮಾರ್ಕೆಟಿಂಗ್ ಅಂತ. ಇಸ್ತ್ರಿ ಅಂಗಿ ಹಾಕ್ಕೊಂಡು ಹೋಗೋ ನೌಕರಿ. ನಿಂದರು, ಫೇಡೆ ಕೊಡ್ತೇನಿ.”

ಒಳಗೆ ಹಲ್ಲುಜ್ಜುತ್ತಿದ್ದ ವಿಶ್ವಾರಾಧ್ಯನಿಗೆ ನೊರೆ ಗಂಟಲಲ್ಲಿ ಸಿಕ್ಕಿಕೊಂಡಿತು. “ಯವ್ವಾ! ನೌಕರಿ ಇನ್ನಾ ಸಿಕ್ಕಿಲ್ಲ, ಇವತ್ತು ಬರೇ ಪರೀಕ್ಷಾ!” ಎಂದು ಅವನು ಓಡಿ ಬರುವಷ್ಟರಲ್ಲಿ ಒಂದು ಕಿಲೋ ಫೇಡೆ ಓಣಿಯ ಹೊಟ್ಟೆ ಸೇರಿತ್ತು.

ಆದದ್ದಿಷ್ಟು. ಬಸ್‌ಸ್ಟ್ಯಾಂಡ್ ಹತ್ತಿರ, ಗೊಬ್ಬರದ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಅಣ್ಣಾರಾಯ ಸಾವ್ಕಾರರು ಹೊಸ ಕಂಪನಿ ತೆರೆದಿದ್ದರು. ಹೆಸರು ‘ಹೈಟೆಕ್ ಖಡಕ್ ರೊಟ್ಟಿ’. ಪ್ಯಾಕೆಟ್ಟಿನ ಮೇಲೆ ಹಸಿರು ಅಕ್ಷರದಲ್ಲಿ ‘ಮನುಷ್ಯರ ಕೈ ಸೋಕಿಲ್ಲ, ಪೂರಾ ಮಷೀನಿನ ರೊಟ್ಟಿ’ ಎಂದು ಬರೆದಿತ್ತು.

“ಬಿ.ಎ. ಮಾಡಿದವ ಮಾರ್ಕೆಟಿಂಗ್ ಹ್ಯಾಂಗ ಮಾಡ್ತೀಪಾ?” ಎಂದು ಸಾವ್ಕಾರರು ನಿನ್ನೆ ಕೇಳಿದ್ದರು.

ವಿಶ್ವಾರಾಧ್ಯ ಫೋನಿನಲ್ಲಿ ವಿಡಿಯೋ ನೋಡಿ ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದ್ದ. “ಇತಿಹಾಸ ಓದೇನ್ರಿ, ಕತಿ ಹೇಳಾಕ ಬರ್ತದ. ಸಮಾಜಶಾಸ್ತ್ರ ಓದೇನ್ರಿ, ಮಂದಿ ಮನಸ್ಸು ತಿಳೀತದ. ಐಚ್ಛಿಕ ಕನ್ನಡ ಓದೇನ್ರಿ, ಮಾತಿಗಂತೂ ಕಡಿಮಿ ಇಲ್ಲ.”

“ಬರೋಬ್ಬರಿ. ನಾಳೆ ಸಂಜೀಕ ಐದರೊಳಗ ರೊಟ್ಟಿ ತಗೋತೀವಿ ಅನ್ನೋ ಇಪ್ಪತ್ತೈದು ಹೆಣ್ಮಕ್ಕಳ ಹೆಸರು, ಫೋನ್ ನಂಬರ್, ಸಹಿ, ಈ ಫಾರಮ್ಮಿನ್ಯಾಗ ತಗೊಂಡ ಬಾ. ತಂದ್ರ ನೌಕರಿ ನಿಂದು. ತರಲಿಲ್ಲಂದ್ರ ನಮಸ್ಕಾರ. ಮತ್ತ ಪ್ಯಾಟ್ಯಾಗಷ್ಟೇ ತಿರಗು. ಹಳ್ಳ್ಯಾಗ ಮನಿಮನಿಗಿ ರೊಟ್ಟಿ ಬಡೀತಾರ, ಅಲ್ಲಿ ಯಾರ್ ತಗೋತಾರ?”

ಹೀಗೆ ಇಪ್ಪತ್ತು ಪ್ಯಾಕೆಟ್ ತುಂಬಿದ ಚೀಲ, ಒಂದು ಕಟ್ಟು ಫಾರಮ್ಮು, ಬಾಯಲ್ಲಿ ಫೇಡೆಯ ಸಿಹಿ ಇಟ್ಟುಕೊಂಡು ವಿಶ್ವಾರಾಧ್ಯ ಹೊರಟ.

ಮೊದಲ ಬಾಗಿಲಿಗೆ ಇತಿಹಾಸ ಪ್ರಯೋಗಿಸಿದ. “ನಮಸ್ಕಾರ್ರೀ. ನಮ್ಮ ನೆಲದ ಜ್ವಾಳಕ್ಕ ರಾಷ್ಟ್ರಕೂಟರ ಕಾಲದ ಇತಿಹಾಸ ಅದ...”

ಬಾಗಿಲು ತೆರೆದವರು ನಿವೃತ್ತ ಅಮರನಾಥ ಮಾಸ್ತರರು. ಏಳು ವರ್ಷದಿಂದ ಅವರಿಗೆ ಪಾಠ ಹೇಳಲು ಒಂದು ಪಿಳ್ಳೆಯೂ ಸಿಕ್ಕಿರಲಿಲ್ಲ. ಕಣ್ಣು ಮಿಂಚಿದವು.

“ಒಳಗ ಬಾ, ಕುಂದರು. ಅಮೋಘವರ್ಷ ಪಟ್ಟಕ್ಕ ಬಂದದ್ದು ಯಾವ ಇಸವಿ?”

“ಎಂಟುನೂರಾ... ಇಪ್ಪತ್ತ್ರಿ?”

“ಹದಿನಾಲ್ಕು! ನಿನಗ ಬಿ.ಎ. ಕೊಟ್ಟವ ಯಾರು?”

ನಲವತ್ತು ನಿಮಿಷ ಮೌಖಿಕ ಪರೀಕ್ಷೆ ನಡೆಯಿತು. ಮಳಖೇಡದಿಂದ ಶುರುವಾದದ್ದು ಬಹಮನಿ ಸುಲ್ತಾನರವರೆಗೆ ಬಂತು. ಕೊನೆಗೆ ವಿಶ್ವಾರಾಧ್ಯ ಬೆವರು ಒರೆಸಿಕೊಂಡು ಪ್ಯಾಕೆಟ್ ಮುಂದಿಟ್ಟ. “ಸರ, ಮನ್ಯಾಗ ಹೆಣ್ಮಕ್ಕಳದು ಒಂದು ಸಹಿ...”

“ನಾ ಒಬ್ಬಾಂವಽ ಇರೋದು. ಮತ್ತ ಇದು ಖಡಕ್ ರೊಟ್ಟಿ ಅಲ್ಲೇನು?” ಮಾಸ್ತರರು ಬಾಯಿ ಅಗಲಿಸಿ ತೋರಿಸಿದರು. ಒಂದೂ ಹಲ್ಲಿರಲಿಲ್ಲ. “ನಾಳೆ ಓದ್ಕೊಂಡು ಬಾ.”

ಮುಂದಿನ ಓಣಿಯಲ್ಲಿ ಸಮಾಜಶಾಸ್ತ್ರ ಹೊರತೆಗೆದ. ಮೊದಲು ಗ್ರಾಹಕರನ್ನು ತಿಳಿದುಕೊಳ್ಳಬೇಕು ಎಂದು ಆ ವಿಡಿಯೋದಲ್ಲೇ ಹೇಳಿದ್ದರು. ಫಾರಮ್ಮು ಬಿಚ್ಚಿ, ಪೆನ್ನು ಹಿಡಿದು, ಬಾಗಿಲಿಗೆ ಬಂದ ಹೆಣ್ಣುಮಗಳಿಗೆ ಗಂಭೀರವಾಗಿ ಕೇಳಿದ. “ಮನ್ಯಾಗ ಎಷ್ಟ್ ಮಂದಿ ಇದ್ದೀರ್ರಿ? ಅಡಗಿ ಯಾರ್ ಮಾಡ್ತಾರ? ಗ್ಯಾಸ್ ಅದ ಏನ್ರಿ? ಫ್ರಿಜ್ಜು?”

ಆಕೆಯ ಮುಖ ಬಿಳಿಚಿತು. “ನಾವು ಬಾಳ ಬಡವರದೀವ್ರಿ ಸಾಹೇಬ್ರ” ಎನ್ನುತ್ತ ಕಿವಿಯ ಝುಮಕಿಯನ್ನು ಸೆರಗಿನಿಂದ ಮುಚ್ಚಿಕೊಂಡಳು. ಅವಳ ಹಿಂದೆ ಗಂಡ ಫ್ರಿಜ್ಜಿನ ಮೇಲೆ ಕೌದಿ ಹೊಚ್ಚುತ್ತಿದ್ದ.

ರೇಷನ್ ಕಾರ್ಡ್ ರದ್ದು ಮಾಡಲು ಆಫೀಸಿನವರು ಬಂದಿದ್ದಾರೆ ಎಂಬ ಸುದ್ದಿ ಗ್ರೂಪ್ ಮೆಸೇಜಿನಂತೆ ಹರಡಿತು. ಪಟಪಟನೆ ಬಾಗಿಲು ಮುಚ್ಚಿದವು. ಒಬ್ಬ ಹೊಸ ಬೈಕನ್ನು ತಳ್ಳಿಕೊಂಡು ಓಡಿದ. ಇನ್ನೊಬ್ಬ ಮುದುಕ, ಯಾರೂ ಕೇಳದಿದ್ದರೂ, “ಆ ಟ್ರ್ಯಾಕ್ಟರ್ ನಮ್ದಲ್ರಿ, ನಮ್ಮ ಅಳಿಯಾಂದು” ಎಂದ.

“ಏ ಕಾಕಾ, ನಾ ರೊಟ್ಟಿ ಮಾರಾಕ ಬಂದೇನಿ!” ಎಂದು ವಿಶ್ವಾರಾಧ್ಯ ಚೀಲ ತೆರೆದು ತೋರಿಸಿದ.

“ನೋಡ್ರಿ, ಮಾರುವೇಷದಾಗ ಬಂದಾರ” ಎಂದು ಕಿಟಕಿಯ ಹಿಂದಿನಿಂದ ಯಾರೋ ಪಿಸುಗುಟ್ಟಿದರು.

ಮಧ್ಯಾಹ್ನವಾಯಿತು. ಫಾರಮ್ಮಿನಲ್ಲಿ ಹೆಸರು ಸೊನ್ನೆ. ವಿಶ್ವಾರಾಧ್ಯನ ಮುಖ ಒಂದು ಪರ್ಸೆಂಟ್ ಚಾರ್ಜಿನ ಫೋನಿನಂತೆ ಮಂಕಾಗಿತ್ತು. ಅಷ್ಟರಲ್ಲಿ ತಾಯಿಯ ಫೋನು ಬಂತು.

“ಎಷ್ಟ್ ಮಂದಿ ಆದ್ರೋ ವಿಶ್ವಾ? ಇಲ್ಲಿ ಓಣಿ ಮಂದೆಲ್ಲಾ ಕೇಳಾಕತ್ತಾರ, ಪಗಾರ ಎಷ್ಟು ಅಂತ. ಏನ್ ಹೇಳ್ಲಿ?”

“ಒಬ್ರೂ ಆಗಿಲ್ಲವ್ವಾ.”

ಆ ಕಡೆ ಫೋನು ಕಸಿದ ಸದ್ದಾಯಿತು. “ಏ ವಿಶ್ವಾ, ನಾ ಖಾಸೀಂಬಿ. ದಿಮಾಗ್ ಇಲ್ಲೇನು ನಿನಗ? ಇಜೇರಿಗಿ ಹೋಗು! ನಿಮ್ಮ ಸೋದರತ್ತಿ ಸಾಬವ್ವ ಅಲ್ಲೇ ಅದಾಳಲ್ಲ. ಆಕಿ ಒಂದು ಮಾತು ಹೇಳಿದ್ರ ಊರ ಹೆಣ್ಮಕ್ಕಳೆಲ್ಲಾ ಸಹಿ ಮಾಡ್ತಾರ. ರೊಟ್ಟಿ ತಗೊಳ್ಳಿ ಬಿಡ್ಲಿ, ಹುಡುಗನ ಮುಖ ನೋಡಿ ಮಾಡ್ತಾರ.”

ಹಳ್ಳಿಗೆ ಹೋಗಬೇಡ ಎಂದಿದ್ದರು ಸಾವ್ಕಾರರು. ಆದರೆ ಸಹಿಯ ಮೇಲೆ ಊರ ಹೆಸರು ಬರೆದಿರುತ್ತದೆಯೇ? ವಿಶ್ವಾರಾಧ್ಯ ಟಂಟಂ ಆಟೋ ಹತ್ತಿದ.

ಇಜೇರಿಯಲ್ಲಿ ಸಾಬವ್ವತ್ತೆ ಕೇಳಿದ ಮೊದಲ ಪ್ರಶ್ನೆ “ಉಂಡೀಯೇನೋ ಅಳಿಯಾ?” ಉತ್ತರಕ್ಕೆ ಕಾಯದೆ ತಾಟಿನಲ್ಲಿ ಮೂರು ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಿದ್ದವು. ಅವನು ಉಣ್ಣುತ್ತಲೇ ತನ್ನ ಕಷ್ಟ ಹೇಳಿಕೊಂಡ. ಐದು ಗಂಟೆ, ಇಪ್ಪತ್ತೈದು ಸಹಿ, ಓಣಿ ತುಂಬ ಹಂಚಿದ ಫೇಡೆ.

“ಇಷ್ಟಕ್ಕ ಅಳತೀಯೇನು? ಏ ರಮಾಬಾಯಿ, ಬಾ ಬೇ ಇಲ್ಲಿ!” ಎಂದು ಅತ್ತೆ ಬಾಜೂ ಮನೆಯಾಕೆಯನ್ನು ಕರೆದಳು. “ನಮ್ಮ ಅಳಿಯಾ ರೊಟ್ಟಿ ಮಾರಾಕ ಬಂದಾನ.”

“ಇಜೇರಿಗಿ?” ರಮಾಬಾಯಿ ಸೊಂಟ ಹಿಡಿದುಕೊಂಡು ನಕ್ಕಳು. “ಅಲ್ಲೋ ತಮ್ಮಾ, ಹಂಗಾದ್ರ ಹೊಳಿಗಿ ನೀರೂ ಮಾರ್ತೀಯೇನು?”

“ಇದು ಬ್ಯಾರೇ ರೊಟ್ಟ್ರೀ ಅಕ್ಕಾ. ಮಷೀನಿಂದು. ಮನುಷ್ಯಾರ ಕೈ ಮುಟ್ಟಿಲ್ಲ” ಎಂದು ವಿಶ್ವಾರಾಧ್ಯ ಹೆಮ್ಮೆಯಿಂದ ಒಂದು ಪ್ಯಾಕೆಟ್ ಹರಿದ.

ಸಾಬವ್ವತ್ತೆ ಮೇಲಿನ ರೊಟ್ಟಿಯನ್ನು ಎತ್ತಿಕೊಂಡಳು. ಹಿಂದೆ ಮುಂದೆ ತಿರುಗಿಸಿದಳು. ಬಾಗಿಲ ಬೆಳಕಿಗೆ ಹೋಗಿ ಹಿಡಿದಳು. ಅಂಚಿನ ಮೇಲೆ ಬೆರಳಾಡಿಸಿದಳು. ಅವಳ ನಗು ನಿಂತುಹೋಯಿತು.

“ಇದು ನನ್ನ ರೊಟ್ಟಿ.”

“ಏ ಅತ್ತೀ, ಇದು ಕಂಪನೀದು...”

“ನಾ ಬಡದ ರೊಟ್ಟಿ ನನಗ ಗೊತ್ತಾಗಂಗಿಲ್ಲೇನು? ಇಲ್ಲಿ ನೋಡು.” ಅವಳು ಬಲಗೈ ಹೆಬ್ಬೆರಳು ಚಾಚಿದಳು. ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡ ಬೆರಳು. ರೊಟ್ಟಿಯ ಅಂಚಿಗೆ ಇಟ್ಟಳು. ಅಲ್ಲಿದ್ದ ತಗ್ಗಿನಲ್ಲಿ ಬೆರಳು ಬೀಗದಲ್ಲಿ ಕೀಲಿ ಕೂತಂತೆ ಕೂತಿತು.

ರಮಾಬಾಯಿ ಎರಡನೆಯದನ್ನು ಕಸಿದುಕೊಂಡಳು. “ಎವ್ವಾ! ಎಳ್ಳು ಇಷ್ಟು ಎಣಿಸಿ ಎಣಿಸಿ ಹಚ್ಚಾಕಿ ಊರಾಗ ಒಬ್ಬಾಕೆನಽ. ಇದು ಜಯಮಾಲಾಂದು. ಕರೀರಿ ಆಕೀನ!”

ಜಯಮಾಲಾ ಬಂದಳು. ಅವಳ ಹಿಂದೆ ಓಣಿ ಬಂತು. ಹತ್ತೇ ನಿಮಿಷದಲ್ಲಿ ಇಪ್ಪತ್ತೂ ಪ್ಯಾಕೆಟ್ ಹರಿದು, ಪಡಸಾಲೆಯ ತುಂಬ ರೊಟ್ಟಿ ಹರಡಿ, ಹೆಂಗಸರು ಸಂತೆಯಲ್ಲಿ ತಪ್ಪಿಸಿಕೊಂಡ ಮಕ್ಕಳನ್ನು ಹುಡುಕಿದಂತೆ ತಮ್ಮ ತಮ್ಮ ರೊಟ್ಟಿ ಹುಡುಕತೊಡಗಿದರು. “ಇದು ನಂದು, ನಡುವ ದಪ್ಪ.” “ಇದು ನಮ್ಮ ಅತ್ತೀದು, ಹೊತ್ತಿಸ್ಯಾಳ.” “ಸುಳ್ಳ ಹೇಳಬ್ಯಾಡ, ಹೊತ್ತಿಸಿದ್ದು ನೀನು!”

ವಿಶ್ವಾರಾಧ್ಯನ ಕೈಯಲ್ಲಿ ಖಾಲಿ ಕವರು ಉಳಿದವು.

ವಿಷಯ ಹೊರಬಿತ್ತು. ಎರಡು ತಿಂಗಳಿನಿಂದ ಭಗವಂತ ಎನ್ನುವವನು ದಿನಾ ಟಂಟಂ ತಂದು, ಕಲಬುರಗಿಯ ಹಾಸ್ಟೆಲ್ ಹುಡುಗರಿಗೆಂದು ಈ ಊರಿನಿಂದ ರೊಟ್ಟಿ ಒಯ್ಯುತ್ತಿದ್ದ; ಅವು ಸೇರಿದ್ದು ಸಾವ್ಕಾರರ ಕವರು. “ಬಡ ಹುಡುಗ್ರು ಉಣ್ತಾರ” ಎಂದು ಹೇಳಿ ದರವನ್ನೂ ಇಳಿಸಿದ್ದ. ಹುಡುಗರು ಪಾಪ ಎಂದು ಇವರು ಎಳ್ಳು ಬೇರೆ ಹೆಚ್ಚಿಗೆ ಹಚ್ಚುತ್ತಿದ್ದರು. ಜಯಮಾಲಾ ಒಬ್ಬಳನ್ನು ಬಿಟ್ಟು.

“ದರದ ಮಾತು ಆಮ್ಯಾಲೆ” ಎಂದಳು ಸಾಬವ್ವತ್ತೆ. ದನಿ ಸಣ್ಣದಾಗಿತ್ತು. “ಕೈ ಸೋಕಿಲ್ಲಂತ ಬರದಾನಲ್ಲ ಅಂವ? ಮುಂಜಾನಿ ನಾಕಕ್ಕ ಎದ್ದು ಬಡದ ಈ ಕೈ, ಕೈ ಅಲ್ಲೇನು?”

ವಿಶ್ವಾರಾಧ್ಯ ತಲೆ ತಗ್ಗಿಸಿದ. ಈಗಷ್ಟೇ ಅದೇ ಸಾಲನ್ನು ಇವರ ಮುಂದೆಯೇ ಗಿಳಿಯಂತೆ ಹೇಳಿದ್ದೆ ಎಂದು ನೆನೆದು ಕಿವಿ ಬಿಸಿಯಾದವು.

“ನೀ ಬಿ.ಎ. ಓದೀಯಲ್ಲ?” ಎಂದಳು ಅತ್ತೆ. “ಬರಿ ಒಂದು ಅರ್ಜಿ. ಆ ಸಾವ್ಕಾರಗ.”

“ಅತ್ತೀ, ಅಂವ ನನಗ ನೌಕರಿ ಕೊಡಾಂವ...”

“ನನ್ನ ರೊಟ್ಟಿ ಉಂಡೀಯೋ ಇಲ್ಲೋ ಈಗ?”

ಮೂರು ಉಂಡಿದ್ದ. ಅತ್ತೆ ಹಾಕಿದ ನಾಲ್ಕನೆಯದು ಇನ್ನೂ ತಾಟಿನಲ್ಲಿತ್ತು. ಬೇರೆ ಕಾಗದ ಇರಲಿಲ್ಲವಾದ್ದರಿಂದ ಕಂಪನಿಯ ಫಾರಮ್ಮನ್ನೇ ತಿರುವಿ ಹಾಕಿ ಶುರು ಮಾಡಿದ. “ಮಾನ್ಯರೇ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ...”

“ವಿನಂತಿ ಗಿನಂತಿ ಬ್ಯಾಡ” ಎಂದಳು ರಮಾಬಾಯಿ. “ಝಾಡಿಸಿ ಬರಿ.”

ಅವನು ಝಾಡಿಸಿದ. ಮೂರು ವರ್ಷ ಹದಿನೈದು ಮಾರ್ಕಿನ ಪ್ರಶ್ನೆಗಳಿಗೆ ಪುಟಗಟ್ಟಲೆ ಬರೆದ ಕೈ ಅದು. ಒಮ್ಮೆ ಓಟ ಹಿಡಿದರೆ ನಿಲ್ಲುವುದಿಲ್ಲ. ಜೋಳದ ಚರಿತ್ರೆ ಬಂತು, ದುಡಿಯುವ ಹೆಣ್ಣಿನ ಸ್ಥಾನಮಾನ ಬಂತು. ‘ಈ ರೊಟ್ಟಿಯ ಮೇಲಿರುವುದು ನಮ್ಮ ಅಂಗೈಯ ಗೆರೆ, ನಿಮ್ಮ ಮಷೀನಿನ ಹಲ್ಲಲ್ಲ’ ಎಂಬ ಸಾಲಂತೂ ಅವನಿಗೇ ರೋಮಾಂಚನ ತಂದಿತು. ಪ್ಯಾಕೆಟ್ಟಿನ ಮೇಲೆ ಬಡಿದವರ ಹೆಸರು ಅಚ್ಚಾಗಬೇಕು, ದರ ಏರಬೇಕು, ಅಲ್ಲಿಯವರೆಗೆ ಇಜೇರಿಯಿಂದ ಒಂದು ತುಣುಕು ರೊಟ್ಟಿಯೂ ಹೊರಡುವುದಿಲ್ಲ. ಎದ್ದು ನಿಂತು ಓದಿದ. ಒಬ್ಬಾಕೆ ಕಣ್ಣೊರೆಸಿಕೊಂಡಳು. ಮುಂಜಾನೆಯಿಂದ ಅವನ ಮಾತನ್ನು ಯಾರಾದರೂ ಪೂರ್ತಿ ಕೇಳಿದ್ದು ಅದೇ ಮೊದಲು. ತಾನು ಯಾರ ಕಡೆಯವನು ಎಂಬುದೇ ಅವನಿಗೆ ಮರೆತುಹೋಗಿತ್ತು.

“ಎಲ್ಲಿ ಸಹಿ ಮಾಡ್ಬೇಕು?” ಎಂದು ಹೆಂಗಸರು ನುಗ್ಗಿದರು. ಫಾರಮ್ಮಿನಲ್ಲಿ ಹೆಸರು, ಫೋನ್ ನಂಬರ್, ಸಹಿಯ ಮನೆಗಳು ತಯಾರೇ ಇದ್ದವು. ಕಾಗದ ಮತ್ತೆ ಈ ಕಡೆ ತಿರುಗಿತು. ಮೂವತ್ತೊಂದು ಹೆಸರು ಬಿದ್ದವು.

ಐದಕ್ಕೆ ಹತ್ತು ನಿಮಿಷವಿರುವಾಗ ಸಾವ್ಕಾರರ ಫೋನು ಬಂತು. ಸ್ಪೀಕರ್ ಹಾಕು ಎಂದು ಅತ್ತೆ ಸನ್ನೆ ಮಾಡಿದಳು. ಅವನು ತಲೆಯಾಡಿಸಿ, ಅಂಗಳದ ಮೂಲೆಗೆ ಓಡಿದ.

“ಎಷ್ಟ್ ಹೆಸರಾದ್ವೋ?”

“ಮೂವತ್ತೊಂದ್ರಿ ಸಾವ್ಕಾರ್ರ. ಆದ್ರ...”

ಆ ಕಡೆ ಕುರ್ಚಿ ಜರುಗಿದ ಸದ್ದು. “ಮೂವತ್ತೊಂದು! ಖರೇ?”

“ಖರೇನ್ರಿ. ತಾವಽ ಮುಂದ ಬಂದು ಸಹಿ ಮಾಡ್ಯಾರ. ಆದ್ರ ಒಂದು ಮಾತು...”

“ರೊಟ್ಟಿ ನೋಡಿ ಏನಂದ್ರು?”

“ನೋಡಿದ ಕೂಡ್ಲೇ ಗುರ್ತು ಹಿಡದ್ರು.”

“ಬ್ರ್ಯಾಂಡ್ ಅಂದ್ರ ಹಂಗಽ! ಮತ್ತ?”

“ಇದು ನಮ್ಮ ಮನೀ ರೊಟ್ಟಿನಽ ಅಂದ್ರು. ಇಪ್ಪತ್ತೂ ಪ್ಯಾಕೆಟ್ ಅಲ್ಲೇ ಹರಕೊಂಡ್ರು. ಒಬ್ಬಾಕಿ ಕಣ್ಣಾಗ ನೀರು ತಂದ್ಲು.”

“ಶಹಬ್ಬಾಸ್!” ಸಾವ್ಕಾರರ ದನಿ ಗದ್ಗದವಾಯಿತು. “ಇಷ್ಟ್ ದಿನಾ ಬಿ.ಕಾಂ. ಹುಡುಗ್ರನ್ನ ಇಟ್ಕೊಂಡು ಹಾಳಾದೆ ನೋಡು. ಈಗ ಕೇಳು. ನಾಳೆ ಹತ್ತಕ್ಕ ಬ್ಯಾಂಕ್ ಸಾಹೇಬ್ರು ನಮ್ಮ ಆಫೀಸಿಗಿ ಬರಾಕತ್ತಾರ, ಮಷೀನಿನ ಸಾಲಕ್ಕ.”

“ಮಷೀನ್... ಇನ್ನಾ ತಗೊಂಡಿಲ್ಲೇನ್ರಿ?”

“ಸಾಲ ಬಂದ ಮ್ಯಾಲೆ ತಗೊಳ್ಳೋದಪಾ! ಮೊದ್ಲ ಮಾರ್ಕೆಟಿಂಗ್, ಆಮ್ಯಾಲೆ ಮಷೀನ್. ಗಿರಾಕಿ ಎಲ್ಲದಾರ ಅಂತ ಅವರು ಕೇಳ್ತಾರ. ಆ ಮೂವತ್ತೊಂದೂ ಹೆಣ್ಮಕ್ಕಳನ್ನ ನಾಳೆ ಕರಕೊಂಡ ಬಾ. ಗಾಡಿ ಖರ್ಚು ಕಂಪನೀದು. ಸಾಹೇಬರ ಮುಂದ ನಮ್ಮ ರೊಟ್ಟಿ ಬಗ್ಗೆ ನಾಕು ಮಾತಾಡ್ಲಿ. ಅಲ್ಲೇ, ಅವರೆದುರೀಗೇ ನಿನಗ ನೌಕರಿ ಆರ್ಡರ್ ಕೊಡ್ತೇನಿ. ಮಾತಾಡ್ತಾರ ಹೌದಿಲ್ಲೋ ಅವರು?”

ವಿಶ್ವಾರಾಧ್ಯ ಪಡಸಾಲೆಯ ಕಡೆ ನೋಡಿದ. ಸಾಬವ್ವತ್ತೆ ಸೆರಗು ಸೊಂಟಕ್ಕೆ ಸಿಗಿಸಿಕೊಂಡು, ಜಯಮಾಲಾಳಿಗೆ ಯಾವ ಮಾತಾದ ಮೇಲೆ ಯಾವ ಮಾತು ಆಡಬೇಕೆಂದು ಕಲಿಸುತ್ತಿದ್ದಳು.

“ಮಾತಾಡ್ತಾರ್ರಿ ಸಾವ್ಕಾರ್ರ” ಎಂದ. “ಬಾಳ ಮಾತಾಡ್ತಾರ.”

ಫೋನು ಕಟ್ಟಾಯಿತು.

“ಏನಂದ ಅಂವ?” ಎಂದು ಅತ್ತೆ ಬಂದಳು.

“ಎಲ್ಲಾರನ್ನೂ ಕರಕೊಂಡ ಬಾ ಅಂದ್ರತ್ತೀ. ಗಾಡಿ ಖರ್ಚು ಕಂಪನೀದಂತ.”

“ನೋಡು, ಅರ್ಜಿ ಅಂದ್ರ ಹಂಗಿರ್ಬೇಕು! ಓದೋದಕ್ಕಿಂತ ಮೊದ್ಲಽ ಅಂಜ್ಯಾನ” ಎಂದು ಸಾಬವ್ವತ್ತೆ ಅಳಿಯನ ಬೆನ್ನು ಚಪ್ಪರಿಸಿ, ಹೆಂಗಸರತ್ತ ತಿರುಗಿದಳು. “ಏ ಬೇ, ಎಲ್ಲಾರೂ ಒಂಬತ್ತಕ್ಕ ಊರ ಅಗಸಿ ಬಾಗಿಲ ಮುಂದ ನಿಂದರಬೇಕು. ಹತ್ತಕ್ಕ ಜೇವರ್ಗ್ಯಾಗ ಮೀಟಿಂಗ್ ಅದ. ಅರ್ಜಿ ನಮ್ಮ ವಿಶ್ವಾನಽ ಎದ್ದು ನಿಂತು ಓದ್ತಾನ.”